ಯೆಜ್ಡಿಯ ಜೆಟ್ಟು

ನಮ್ಮ ಸಂಘದ ಪತ್ರಿಕೆಗೆ ಹೆಂಗಸರು ಬರೆಯುತ್ತಾರೆಂದರೆ ಅಡುಗೆ, ಹಬ್ಬ, ಇಲ್ಲವೇ ಕಾಶಿಯಾತ್ರೆ ಎಂದು ಸಂಪಾದಕರು ಮೊದಲೇ ತಿಳಿದಿರುತ್ತಾರೆ. ಈ ಸಲ ನಾನು ಬರೆಯುತ್ತಿರುವುದು ಕಾರ್ಬ್ಯುರೇಟರಿನ ಬಗ್ಗೆ. ಹಳೆಯ ಬೈಕು ಮತ್ತು ಬೆಳೆದ ಮಗ, ಎರಡನ್ನೂ ಒಂದೇ ಮನೆಯಲ್ಲಿಟ್ಟುಕೊಂಡ ತಾಯಿ ಡೊಂಬಿವಲಿಯಲ್ಲಿ ನಾನೊಬ್ಬಳೇ ಅಲ್ಲವಲ್ಲ!

ನನ್ನ ತವರು ಮೈಸೂರು. ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅದಕ್ಕೂ ಎಷ್ಟೋ ಮೊದಲು ಅಣ್ಣ ಕೊಂಡಿದ್ದ 250 ಸಿ.ಸಿ. ಯೆಜ್ಡಿಯನ್ನು, "ನನಗಿನ್ನು ಕಿಕ್ ಹೊಡೆಯೋಕಾಗಲ್ಲ ಕಣೇ, ನಿನ್ನ ಮಗ ಇಟ್ಕೊಳ್ಳಲಿ" ಎಂದು ನಮ್ಮಲ್ಲಿಗೆ ಕಳಿಸಿಬಿಟ್ಟ. (ಅದರ ಆರ್.ಟಿ.ಓ. ಕಾಗದಪತ್ರದ ಕಥೆ ಬೇರೆಯೇ ಒಂದು ಲೇಖನಕ್ಕಾಗುತ್ತದೆ.) ಮಗರಾಯ ಅದರ ಹಳೆಯ ಏರ್ ಫಿಲ್ಟರ್ ಡಬ್ಬಿ ತೆಗೆದು ತೆರೆದ ಫಿಲ್ಟರ್ ಹಾಕಿದ, ಎರಡೂ ಸೈಲೆನ್ಸರ್‌ಗಳ ಒಳಗನ್ನು ಸಡಿಲ ಮಾಡಿಸಿದ. ಗಾಡಿ ಹಿಂದೆಂದೂ ಇಲ್ಲದ ಹಾಗೆ ಚುರುಕಾಯಿತು. ಒಂದು ಭಾನುವಾರ ಕಲ್ಯಾಣ ದಾಟಿ ಮುರಬಾಡದ ರಸ್ತೆಯಲ್ಲಿ ಜೋರಾಗಿ ಹೋಗುತ್ತಿದ್ದಾಗ ಇದ್ದಕ್ಕಿದ್ದ ಹಾಗೆ ಹಿಂದಿನ ಚಕ್ರ ನಿಂತೇಬಿಟ್ಟಿತು. ಪಿಸ್ಟನ್ ಹಿಡಿದುಕೊಂಡಿತ್ತು. ತಕ್ಷಣ ಕ್ಲಚ್ ಒತ್ತಿದ್ದರಿಂದ, ಹಿಂದೆ ಲಾರಿ ಇಲ್ಲದಿದ್ದರಿಂದ ಹುಡುಗ ಉಳಿದ.

ಗಾಡಿಯನ್ನು ಮಾರಿಬಿಡೋಣ ಎಂದರು ನಮ್ಮವರು. ನಾನು ಮಾತ್ರ ಹೀಗೇಕಾಯಿತೆಂದು ಮೊದಲು ತಿಳಿಯಬೇಕೆಂದು ಕಲ್ಯಾಣದ ಮಿಸ್ತ್ರಿಯ ಅಂಗಡಿಗೆ ಮಗನ ಜೊತೆ ಹೋಗಿ ಸ್ಟೂಲಿನ ಮೇಲೆ ಕುಳಿತೆ. ರಿಸಾರ್ಟುಗಳಲ್ಲಿ ಕೆಸರಿನಲ್ಲಿ ಓಡಿಸುವ ನಾಲ್ಕು ಚಕ್ರದ ಎ.ಟಿ.ವಿ.ಗಳನ್ನೂ ಆತ ಬಿಚ್ಚಿ ಜೋಡಿಸುತ್ತಾನೆ. ಗಾಡಿ ಯಾವುದಾದರೂ ಲೆಕ್ಕ ಒಂದೇ ಎಂದು ಅಂಗೈ ಮೇಲೆ ಹಿತ್ತಾಳೆಯ ಚೂರೊಂದನ್ನು ಇಟ್ಟು ತೋರಿಸಿದ. ಮೂಗುಬೊಟ್ಟಿಗಿಂತ ತುಸು ದೊಡ್ಡದು, ನಡುವೆ ಕೂದಲೆಳೆ ತೂರುವಂಥ ತೂತು. ಅದೇ ಜೆಟ್. ಎಂಜಿನ್ನಿಗೆ ಎಷ್ಟು ಪೆಟ್ರೋಲ್ ಹೋಗಬೇಕೆಂದು ತೀರ್ಮಾನಿಸುವುದು ಆ ತೂತು.

ಇದು ನಮಗೆ ಹೊಸದಲ್ಲ. ಸಿಲಿಂಡರ್ ಹೋಗಿ ಪೈಪಿನ ಗ್ಯಾಸ್ ಬಂದಾಗ ಒಲೆಯ ಜೆಟ್ ಬದಲಾಯಿಸಿಕೊಂಡವರು ಠಾಣೆ, ನವಿ ಮುಂಬಯಿಯ ಮನೆಮನೆಯಲ್ಲೂ ಇದ್ದಾರೆ. ಪೈಪಿನ ಗ್ಯಾಸಿಗೆ ಒತ್ತಡವೂ ಶಾಖವೂ ಕಡಿಮೆ, ಹಾಗಾಗಿ ದೊಡ್ಡ ತೂತು ಬೇಕು. ಯೆಜ್ಡಿಯ ವಿಷಯವೂ ಅದೇ. ಮಗ ಗಾಳಿಗೆ ದಾರಿ ದೊಡ್ಡದು ಮಾಡಿದ್ದ, ಪೆಟ್ರೋಲಿನ ತೂತು ಮಾತ್ರ ಹಳೆಯದೇ ಉಳಿದಿತ್ತು. ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾದರೆ 'ಲೀನ್', ಪೆಟ್ರೋಲ್ ಹೆಚ್ಚಾದರೆ 'ರಿಚ್'. ಇಂಗ್ಲಿಷ್ ಬಿ.ಎ. ಮಾಡಿದ ನಾನು ಈ ಎರಡು ಪದಗಳಿಗೆ ಹೀಗೊಂದು ಅರ್ಥವಿದೆಯೆಂದು ಕಲಿತದ್ದು ಗ್ರೀಸ್ ಮೆತ್ತಿದ ಆ ಸ್ಟೂಲಿನ ಮೇಲೆ.

ಎರಡರಲ್ಲಿ ಅಪಾಯದ್ದು ಲೀನ್. ರಿಚ್ ಆದರೆ ಗಾಡಿ ಹೊಗೆಯುಗುಳಿ, ಮುಗ್ಗರಿಸಿ, ದೂರು ಹೇಳುತ್ತದೆ. ಲೀನ್ ಆದರೆ ಹಗುರಾಗಿ, ಉತ್ಸಾಹದಿಂದ ಓಡುತ್ತ ಓಡುತ್ತಲೇ ಕಾಯುತ್ತದೆ. ನಮ್ಮ ಯೆಜ್ಡಿ ಟೂ-ಸ್ಟ್ರೋಕ್, ಎಂಜಿನ್ನಿನ ಎಣ್ಣೆ ಪೆಟ್ರೋಲಿನಲ್ಲೇ ಬೆರೆತು ಹೋಗಬೇಕು. ಪೆಟ್ರೋಲ್ ಕಡಿಮೆಯಾದರೆ ಎಣ್ಣೆಯೂ ಕಡಿಮೆ. "ವಹಿನಿ, ಗಾಡಿ ತುಂಬಾ ಚೆನ್ನಾಗಿ ಓಡ್ತಿದೆ ಅಂತ ಹುಡುಗ ಹೇಳಿದ ದಿನವೇ ನಾನು ಹೆದರಬೇಕಿತ್ತು" ಎಂದ ಮಿಸ್ತ್ರಿ.

ಇದರ ಮೇಲೆ ಊರಿನ ಎತ್ತರ ಬೇರೆ. ಮೈಸೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಮೇಲಿದೆ, ನಮ್ಮ ಡೊಂಬಿವಲಿ ಖಾಡಿಯ ದಂಡೆಯಲ್ಲಿದೆ. ಇಲ್ಲಿಯ ಗಾಳಿ ನೂರಕ್ಕೆ ಏಳರಷ್ಟು ದಟ್ಟ. ಕಾರ್ಬ್ಯುರೇಟರಿಗೆ ಅದು ಗೊತ್ತಾಗುವುದಿಲ್ಲ, ಅಷ್ಟೇ ಪ್ರಮಾಣದಲ್ಲಿ ಪೆಟ್ರೋಲ್ ಹೆಚ್ಚಿಸುವುದಿಲ್ಲ. ಇನ್ನು 2025ರ ಹೊತ್ತಿಗೆ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗ ಎಥೆನಾಲ್ ಬಂತು. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕಾದರೆ ಎಥೆನಾಲಿಗೆ 9 ಕಿಲೋ ಸಾಕು. ಅಂದರೆ ಅದೇ ತೂತಿನಿಂದ ಬರುವ ಮಿಶ್ರಣ ಇನ್ನಷ್ಟು ಲೀನ್. 2020ರ ಏಪ್ರಿಲ್ ನಂತರದ ಬಿ.ಎಸ್. 6 ಗಾಡಿಗಳಲ್ಲಿ ಬಹುಪಾಲಿಗೆ ಕಾರ್ಬ್ಯುರೇಟರೇ ಇಲ್ಲ, ಸೆನ್ಸರ್ ನೋಡಿ ಕಂಪ್ಯೂಟರ್ ಇಂಧನ ಅಳೆಯುತ್ತದೆ. ಹಳೆಯ ಗಾಡಿಗೆ ಆ ಕೆಲಸ ಮನುಷ್ಯನೇ ಮಾಡಬೇಕು.

ಮಿಸ್ತ್ರಿ ಮೊದಲಿನದಕ್ಕಿಂತ ಹಂತಹಂತವಾಗಿ ದೊಡ್ಡದಾದ ನಾಲ್ಕು ಜೆಟ್ ತರಿಸಿದ. ಯಾವ ಸಂಖ್ಯೆಯೆಂದು ಇಲ್ಲಿ ಬರೆಯುವುದಿಲ್ಲ. ಯಾಕೆಂದರೆ ಕೆಲವು ಕಂಪನಿಯವರ ಸಂಖ್ಯೆ ತೂತಿನ ಅಳತೆ, ಕೆಲವರದು ನಿಮಿಷಕ್ಕೆ ಹರಿಯುವ ಪೆಟ್ರೋಲ್. ಒಂದೇ ಸಂಖ್ಯೆಯ ಎರಡು ಜೆಟ್ ಒಂದೇ ಆಗಿರಬೇಕೆಂದಿಲ್ಲ. ಎಲ್ಲಕ್ಕಿಂತ ದೊಡ್ಡದರಿಂದ ಶುರುಮಾಡಿ ಒಂದೊಂದೇ ಇಳಿಯಬೇಕು, ಕೆಳಗಿನಿಂದ ಹತ್ತಬಾರದು. ಉಪ್ಪಿನ ಲೆಕ್ಕ ಇದಕ್ಕೆ ಪೂರಾ ಉಲ್ಟಾ. ಮೇನ್ ಜೆಟ್ಟಿನ ಗುಣ ತಿಳಿಯುವುದು ಆಕ್ಸಿಲರೇಟರನ್ನು ಮುಕ್ಕಾಲಿಗಿಂತ ಹೆಚ್ಚು ತಿರುವಿದಾಗ ಮಾತ್ರ. ಅದಕ್ಕಿಂತ ಕೆಳಗೆ ಸೂಜಿ, ಇನ್ನೂ ಕೆಳಗೆ ಪೈಲಟ್ ಜೆಟ್. ಹಾಗೆಂದು ಪಾಮ್ ಬೀಚ್ ರಸ್ತೆಯಲ್ಲಿ ಪರೀಕ್ಷೆ ಬೇಡವೆಂದು ನಾನು ಖಡಾಖಂಡಿತ ಹೇಳಿದೆ. ಮುರಬಾಡದ ಆಚೆ, ಬೆಳಗಿನ ಜಾವ, ಮಿಸ್ತ್ರಿಯೂ ಜೊತೆಗಿದ್ದು ನಡೆಯಿತು. ಜೋರಾಗಿ ಹೋಗಿ, ಕ್ಲಚ್ ಹಿಡಿದು, ಎಂಜಿನ್ ಆರಿಸಿ, ಪ್ಲಗ್ ಬಿಚ್ಚಿ ನೋಡುವುದು. ಮಸಿಗಪ್ಪಾದರೆ ರಿಚ್, ಬೂದಿಯ ಹಾಗೆ ಬೆಳ್ಳಗಾದರೆ ಲೀನ್. ಬೇಕಾದದ್ದು ಹುರಿದ ಕಾಫಿಪುಡಿಯ ಬಣ್ಣ. ಮೂರನೆಯ ಜೆಟ್ಟಿಗೆ ಆ ಬಣ್ಣ ಬಂತು. ನಾಲ್ಕನೆಯದನ್ನೂ ನೋಡೋಣ ಎಂದ ಮಗನಿಗೆ ಮಿಸ್ತ್ರಿ ಬೇಡವೆಂದ.

ಜೆಟ್ ಕಟ್ಟಿಕೊಂಡರೆ ಹಿಂದೆ ಪಂಪ್ ಸ್ಟೋವಿಗೆ ಚುಚ್ಚುತ್ತಿದ್ದ ಹಾಗೆ ಪಿನ್ ಚುಚ್ಚಬಾರದಂತೆ. ಹಿತ್ತಾಳೆ ಮೃದು, ತೂತು ಸವೆದರೆ ಮೇಲೆ ಕೊರೆದ ಸಂಖ್ಯೆ ಸುಳ್ಳಾಗುತ್ತದೆ. ಉಳಿದ ಜೆಟ್ಟುಗಳನ್ನು ಖಾಲಿ ಇಂಗಿನ ಡಬ್ಬಿಯಲ್ಲಿ ಹಾಕಿ, ಚೀಟಿ ಅಂಟಿಸಿ ಇಟ್ಟಿದ್ದೇನೆ. ದಸರೆಗೆ ಗಾಡಿಯನ್ನು ಮೈಸೂರಿಗೆ ಒಯ್ದು ಅಣ್ಣನಿಗೆ ತೋರಿಸುವ ಮಾತು ನಡೆದಿದೆ. ಅಷ್ಟು ಎತ್ತರದಲ್ಲಿ ಒಂದು ಹಂತ ಇಳಿಸಬೇಕೋ ಬೇಡವೋ, ಅಲ್ಲಿ ಪ್ಲಗ್ ನೋಡಿ ಫೋನ್ ಮಾಡುತ್ತೇನೆಂದು ಮಗ ಒಪ್ಪಿಕೊಂಡಿದ್ದಾನೆ.