ಡ್ಯೂ ಡೇಟ್ ನಂಬಿ ಕೂತಿದ್ದೆ

ಆಫೀಸಿನಲ್ಲಿ ದಿನಕ್ಕೆ ಹತ್ತು ಸಲ ಬಳಸುವ ಎರಡು ಇಂಗ್ಲಿಷ್ ಪದಗಳ ವ್ಯತ್ಯಾಸ ನನಗೆ ಸರಿಯಾಗಿ ಗೊತ್ತಾಗಿದ್ದು ಅಪ್ಪನಾದ ದಿನ. ಒಂದು ‘ಎಕ್ಸ್‌ಪೆಕ್ಟೆಡ್’, ಇನ್ನೊಂದು ‘ಲೈಕ್ಲಿ’.

ಹೆಂಡತಿ ಹೆರಿಗೆಗೆ ತಿಪಟೂರಿನ ತವರಿಗೆ ಹೋಗಿದ್ದಳು. ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ‘ಎಕ್ಸ್‌ಪೆಕ್ಟೆಡ್ ಡೇಟ್ ಆಫ್ ಡೆಲಿವರಿ’ ಅಂತ 24ನೇ ತಾರೀಖು ಇತ್ತು. ದೊಡ್ಡನೆಕ್ಕುಂದಿಯ ಬಾಡಿಗೆ ಮನೆಯಲ್ಲಿ ಕೂತು 22ರಿಂದ ರಜೆ ಹಾಕಿದೆ. ನಮ್ಮ ರಿಲೀಸ್ ಇದ್ದದ್ದು 16ಕ್ಕೆ. ಎಲ್ಲಾ ಹೊಂದಿಕೊಳ್ತು ಅಂತ ಖುಷಿಪಟ್ಟೆ.

ಅತ್ತೆ ಫೋನ್ ಮಾಡಿ, “ದಿನ ತುಂಬಿದೆ ಅಳಿಯಂದ್ರೇ, ಯಾವತ್ತು ಬೇಕಾದ್ರೂ ಆಗಬಹುದು, ಬಂದುಬಿಡಿ” ಅಂದರು.

“ಇನ್ನೂ ಹತ್ತು ದಿನ ಇದೆಯಲ್ಲ ಅತ್ತೆ” ಅಂದೆ, ತಿಳಿದವನ ಹಾಗೆ.

ಮಾರನೇ ದಿನ ಬೆಳಗಿನ ಜಾವ 4ಕ್ಕೆ ಫೋನ್ ಬಂತು, ನೋವು ಶುರುವಾಗಿದೆ ಅಂತ. ಖಾಲಿ ರಿಂಗ್ ರೋಡಿನಲ್ಲಿ ಹೆಬ್ಬಾಳ, ಗೊರಗುಂಟೆಪಾಳ್ಯ ದಾಟಿ ಓಡಿದೆ. ಗುಬ್ಬಿ ತಲುಪುವಷ್ಟರಲ್ಲಿ ಮಗಳು ಹುಟ್ಟಿಯಾಗಿತ್ತು.

ಆಮೇಲೆ ಓದಿ ನೋಡಿದೆ. ಕೊನೆಯ ಮುಟ್ಟಿನ ಮೊದಲ ದಿನಕ್ಕೆ 280 ದಿನ, ಅಂದರೆ 40 ವಾರ ಸೇರಿಸಿದರೆ ಆ ತಾರೀಖು ಸಿಗುತ್ತದೆ. ಸರಿಯಾಗಿ ಅದೇ ದಿನ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೈದು ಮಾತ್ರ! ಹೆಚ್ಚಿನವು 37ರಿಂದ 42 ವಾರದ ನಡುವೆ ಯಾವಾಗಲೋ ಬರುತ್ತವೆ.

ಎಂಜಿನಿಯರಿಂಗ್‌ನಲ್ಲಿ ಇದನ್ನೇ ಓದಿ ಪಾಸಾಗಿದ್ದೆ. ದಾಳ ಎಸೆದರೆ ‘ಎಕ್ಸ್‌ಪೆಕ್ಟೆಡ್ ವ್ಯಾಲ್ಯೂ’ 3.5. ಆದರೆ ಯಾವ ದಾಳದಲ್ಲೂ ಮೂರೂವರೆ ಬೀಳುವುದಿಲ್ಲ. ಎಕ್ಸ್‌ಪೆಕ್ಟೆಡ್ ಅಂದರೆ ಲೆಕ್ಕಕ್ಕೆ, ತಯಾರಿಗೆ ನಾವು ನೆಟ್ಟುಕೊಂಡ ಗುರುತು. ಲೈಕ್ಲಿ ಅಂದರೆ ನಿಜಕ್ಕೂ ಆಗುವ ಸಂಭವ ಹೆಚ್ಚಿರುವುದು. ಅತ್ತೆಯ ‘ಆಗಬಹುದು’ ಅನ್ನುವ ಒಂದು ಮಾತಿನಲ್ಲಿ ಆ ಐದು ವಾರವೂ ಇತ್ತು. ನಾನು ಒಂದೇ ತಾರೀಖು ಹಿಡಿದು ಕೂತಿದ್ದೆ.

ವಾರ್ಡಿನಲ್ಲಿ ಹೆಂಡತಿ ಜಗಳ ಆಡಲಿಲ್ಲ. “ಬರ್ತೀರ ಅಂತ ಬಾಗಿಲ ಕಡೇನೇ ನೋಡ್ತಿದ್ದೆ ಕಣ್ರೀ” ಅಂದಳು, ಅಷ್ಟೇ. ಅವಳ ಪಾಲಿಗೆ ನಾನು ಎಕ್ಸ್‌ಪೆಕ್ಟೆಡ್. ಹೊತ್ತಿಗೆ ತಲುಪುವುದು ಲೈಕ್ಲಿ ಆಗಿರಲಿಲ್ಲ, ಹಾಗೆ ಮಾಡಿಕೊಂಡವನು ನಾನೇ.

ಮಗಳಿಗೀಗ ಎಂಟು ತಿಂಗಳು. ಸ್ಟ್ಯಾಂಡಪ್‌ನಲ್ಲಿ ಯಾರಾದರೂ ‘ಎಕ್ಸ್‌ಪೆಕ್ಟೆಡ್ ಡೇಟ್’ ಅಂದರೆ, “ಲೈಕ್ಲಿ ಯಾವಾಗ ಹೇಳಪ್ಪ” ಅಂತ ಕೇಳುತ್ತೇನೆ.

ನಿಮ್ಮ ಮನೆಯಲ್ಲೂ ಡಾಕ್ಟರು ಡೇಟ್ ಕೊಟ್ಟಿದ್ದಾರಾ? ರಜೆಯ ಮಾತನ್ನು 37ನೇ ವಾರಕ್ಕೇ ಮುಗಿಸಿಬಿಡಿ. ರಿಲೀಸ್ ಇನ್ನೊಂದು ಬರುತ್ತೆ.