ಮುಖ ಕಾಣದ ಪಟ

ನಮ್ಮ ಹರದನಹಳ್ಳಿಯಲ್ಲಿ ಅರಳಿಮರದ ಕಟ್ಟೆಯೊಂದುಂಟು. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಶಾಲೆಯ ಮಕ್ಕಳಿಗೆ ಶಬ್ದರೂಪ, ಧಾತುರೂಪಗಳನ್ನು ಬಾಯಿಪಾಠ ಮಾಡಿಸುತ್ತಿದ್ದ ಕಾಲದಲ್ಲಿ, ಆ ದಾರಿಯಾಗಿ ಹೋಗುವಾಗಲೆಲ್ಲ ಅಲ್ಲಿ ಕುಳಿತವರನ್ನು ಕಂಡು, "ಈ ಸೋಮಾರಿಗಳಿಗೆ ಮನೆಯಲ್ಲಿ ಕೆಲಸವಿಲ್ಲವೆ?" ಎಂದು ಮನಸ್ಸಿನಲ್ಲಿಯೇ ಬೈದುಕೊಳ್ಳುತ್ತಿದ್ದೆನು. ಈಗ ನಿವೃತ್ತನಾಗಿ ನಾನೂ ಸಂಜೆಯ ಹೊತ್ತು ಅದೇ ಕಟ್ಟೆಯ ಮೇಲೆ ಕುಳಿತುಕೊಳ್ಳುತ್ತೇನೆ. ಕಾಲವು ಎಲ್ಲರಿಗೂ ಬುದ್ಧಿ ಕಲಿಸುತ್ತದೆ. ಮೇಷ್ಟರಿಗೆ ಮಾತ್ರ ಕೊಂಚ ತಡವಾಗಿ ಕಲಿಸುತ್ತದೆಂದು ತೋರುತ್ತದೆ.

ಸೋಮಾರಿತನವನ್ನು ಕುರಿತು ನನಗಿದ್ದ ಈ ಬಿಗಿಯಾದ ಅಭಿಪ್ರಾಯದಿಂದ ನಮ್ಮ ಮನೆಯಲ್ಲಿಯೇ ಒಂದು ನೋವು ಹುಟ್ಟಿತು. ನನ್ನ ಕಿರಿಯ ಮಗಳು ಇಂಜಿನಿಯರಿಂಗ್ ಓದಿ ಬೆಂಗಳೂರಿನಲ್ಲಿ ಒಳ್ಳೆಯ ಸಂಬಳದ ನೌಕರಿಯಲ್ಲಿದ್ದವಳು. ಒಂದು ಸಲ ಊರಿಗೆ ಬಂದಾಗ, "ಅಪ್ಪಾ, ಕೆಲಸ ಬಿಟ್ಟೆ. ಇನ್ನು ಫೋಟೋ ತೆಗೆಯುವುದೇ ನನ್ನ ಕೆಲಸ. ಗೆಳತಿಯರೊಡನೆ ಸೇರಿ ಒಂದು ಪತ್ರಿಕೆಯನ್ನೂ ಹೊರಡಿಸುತ್ತೇನೆ" ಎಂದಳು.

"ಮದುವೆಮನೆಗಳಲ್ಲಿ ಫೋಟೋ ಹಿಡಿಯುವುದಕ್ಕೆ ಇಷ್ಟು ಓದಬೇಕಾಗಿತ್ತೆ?" ಎಂದೆನು.

"ಮದುವೆಯ ಫೋಟೋ ಅಲ್ಲಪ್ಪ."

"ಹಾಗಾದರೆ ಅದನ್ನು ಕೊಳ್ಳುವವರು ಯಾರು?"

ಅವಳು ಉತ್ತರ ಕೊಡಲಿಲ್ಲ. ಮನೆಯಾಕೆ ನಡುವೆ ಬಂದು, ಎಲೆ ಹಾಕಿದೆಯೆಂದು ಇಬ್ಬರನ್ನೂ ಊಟಕ್ಕೆ ಎಬ್ಬಿಸಿದಳು. ಅಲ್ಲಿಂದ ಎರಡು ವರ್ಷ ತಂದೆಮಗಳಲ್ಲಿ ಕುಶಲಪ್ರಶ್ನೆಗಿಂತ ಹೆಚ್ಚಿನ ಮಾತು ನಡೆಯಲಿಲ್ಲ.

ಆ ಸಲ ಅವಳು ತನ್ನ ತಾಯಿಯ ಚಿತ್ರವೊಂದನ್ನು ತೆಗೆದಿದ್ದಳು. ಆಮೇಲೆ ಅಂಚೆಯಲ್ಲಿ ಕಳುಹಿಸಿದಳು. ಹಿತ್ತಿಲ ಬಾಗಿಲಿನ ಬೆಳಕಿಗೆ ಬೆನ್ನು ಅರ್ಧ ತಿರುಗಿಸಿ ಕುಳಿತು ಮೊರದಲ್ಲಿ ಅಕ್ಕಿ ಆರಿಸುತ್ತಿರುವ ಹೆಂಗಸು. ಬಿಳಿಯೇರಿದ ತುರುಬು, ಬಾಗಿದ ಹೆಗಲು, ಎರಡು ಕೈಗಳು ಇಷ್ಟೇ, ಮುಖವು ಕಾಣುವುದಿಲ್ಲ. "ಮುಖವಿಲ್ಲದ ಪಟ ಯಾವ ಪುರುಷಾರ್ಥಕ್ಕೆ?" ಎಂದು ಅದನ್ನು ಪುಸ್ತಕದ ಬೀರುವಿಗೆ ಸೇರಿಸಿದೆನು. ಮನೆಯಾಕೆ ನಕ್ಕು ಸುಮ್ಮನಾದಳು.

ಆಕೆ ಹೋಗಿ ಈಗ ಒಂದು ವರ್ಷವಾಯಿತು. ವೈಕುಂಠ ಸಮಾರಾಧನೆಯ ದಿನ ಹೂವಿನ ಹಾರ ಹಾಕುವುದಕ್ಕೆ ಪಟ ಬೇಕಾಯಿತು. ಇದ್ದುದು ಗುರುತಿನ ಚೀಟಿಯ ಚಿತ್ರವೊಂದೇ. ಪಟ್ಟಣದ ಅಂಗಡಿಯವರು ಅದರಿಂದ ಮುಖವನ್ನು ಮಾತ್ರ ತೆಗೆದುಕೊಂಡು, ಕಂಪ್ಯೂಟರಿನಲ್ಲಿ ಯಾರದೋ ಜರತಾರಿ ಸೀರೆಗೆ ಜೋಡಿಸಿ, ಆಕೆ ಜನ್ಮದಲ್ಲಿ ತೊಡದ ಎರಡೆಳೆ ಸರವನ್ನೂ ಕೊರಳಿಗೆ ಹಾಕಿ, ಚೌಕಟ್ಟಿನಲ್ಲಿ ಕೂರಿಸಿ ಕೊಟ್ಟರು. ಬಂದವರೆಲ್ಲರೂ ಲಕ್ಷಣವಾಗಿದೆಯೆಂದರು. ಮಗಳು ಅದನ್ನು ನೋಡಿದಳು, ಏನೂ ಅನ್ನಲಿಲ್ಲ.

ನೆಂಟರೆಲ್ಲ ಹೋದ ರಾತ್ರಿ ನಂದಾದೀಪದ ಬೆಳಕಿನಲ್ಲಿ ಆ ಪಟದ ಮುಂದೆ ಕುಳಿತೆನು. ಎಷ್ಟು ಹೊತ್ತು ನೋಡಿದರೂ ನನ್ನ ಹೆಂಡತಿ ಅದರಲ್ಲಿ ಸಿಕ್ಕಲಿಲ್ಲ. ಎದ್ದು ಬೀರುವಿನಿಂದ ಆ ಮುಖವಿಲ್ಲದ ಚಿತ್ರವನ್ನು ತೆಗೆದೆನು. ಸವೆದ ಬಳೆ, ಅರಿಸಿನ ಹಿಡಿದ ಉಗುರು, ಕಲ್ಲು ಕಂಡಾಗ ಮೊರವನ್ನು ಮೊಣಕಾಲಿಗೆ ಆನಿಸಿಕೊಳ್ಳುವ ರೀತಿ; ಮೂವತ್ತೈದು ವರ್ಷದ ಸಂಸಾರವೇ ಅಲ್ಲಿತ್ತು.

ಶಾಕುಂತಲದ ಆರನೆಯ ಅಂಕವನ್ನು ಆಸಕ್ತರಾದ ಹುಡುಗರಿಗೆ ಎಷ್ಟು ಸಲ ಪಾಠ ಹೇಳಿದ್ದೇನೆಯೋ! ದುಷ್ಯಂತನು ಶಕುಂತಲೆಯ ಚಿತ್ರವನ್ನು ಬರೆದಿದ್ದಾನೆ. ನೋಡಿದವರಿಗೆ ಅವಳೇ ಎದುರಿಗೆ ನಿಂತಂತಿದೆ. ಆದರೂ ರಾಜನಿಗೆ ಅದು ಮುಗಿದಂತೆ ತೋರುವುದಿಲ್ಲ. ಮಾಲಿನೀ ನದಿ ಬರಬೇಕು, ಅದರ ಮರಳಿನಲ್ಲಿ ಹಂಸಗಳ ಜೋಡಿ ಬರಬೇಕು, ಕೊಂಬೆಯಲ್ಲಿ ನಾರುಮಡಿ ತೂಗಬೇಕು, ಅವಳ ಕಿವಿಯಲ್ಲಿ ಶಿರೀಷದ ಹೂವಿರಬೇಕು. ಮುಖದ ಹೋಲಿಕೆ ಬಂದ ಮಾತ್ರಕ್ಕೆ ಮನುಷ್ಯರು ಚಿತ್ರಕ್ಕೆ ಬರುವುದಿಲ್ಲವೆಂಬ ಈ ಮಾತಿಗೆ ಪುಸ್ತಕದಲ್ಲಿ ಗೆರೆ ಎಳೆಸಿದವನು ನಾನು. ಅದರ ಅರ್ಥ ನನಗಾದುದು ಆ ರಾತ್ರಿ.

ಬೆಳಗ್ಗೆ ಮಗಳನ್ನು ಕರೆದು, "ಮಗೂ, ನಿನ್ನ ಈ ವಿದ್ಯೆಯಲ್ಲಿ ದೊಡ್ಡವರು ಯಾರು? ನಮ್ಮ ಕಡೆಯವರು ಯಾರಾದರೂ ಇದ್ದಾರೆಯೆ?" ಎಂದು ಕೇಳಿದೆನು. ಅವಳು ಬಹಳ ಹೊತ್ತು ನನ್ನನ್ನೇ ನೋಡಿ, ಆಮೇಲೆ ತನ್ನ ಚೀಲದಿಂದ ಒಂದು ಪುಸ್ತಕವನ್ನು ತೆಗೆದು ಎನ್. ಪುಷ್ಪಮಾಲಾ ಅವರ ಚಿತ್ರಗಳನ್ನು ತೋರಿಸಿದಳು.

ಈ ಮಹಿಳೆ ೧೯೫೬ರಲ್ಲಿ ಬೆಂಗಳೂರಿನಲ್ಲಿ ಜನಿಸಿದವರು. ಬರೋಡೆಯ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾನಿಲಯದಲ್ಲಿ ಶಿಲ್ಪವನ್ನು ಅಭ್ಯಾಸಮಾಡಿ, ಸುಟ್ಟ ಮಣ್ಣಿನ ಮೂರ್ತಿಗಳಿಂದ ಹೆಸರು ಪಡೆದರು. ೧೯೮೪ರಲ್ಲಿ ರಾಷ್ಟ್ರಪ್ರಶಸ್ತಿಯೂ, ೧೯೮೬ರಲ್ಲಿ ದೆಹಲಿಯ ತ್ರೈವಾರ್ಷಿಕ ಕಲಾಪ್ರದರ್ಶನದಲ್ಲಿ ಚಿನ್ನದ ಪದಕವೂ ದೊರೆತುವು. ನಮ್ಮಂಥವರಾಗಿದ್ದರೆ ಅಲ್ಲಿಗೆ ಜೀವನ ನೆಲೆಗೊಂಡಿತೆಂದು ಕಾಲು ಚಾಚುತ್ತಿದ್ದೆವು. ಆಕೆಯಾದರೋ ನಲವತ್ತು ವರ್ಷದ ಆಸುಪಾಸಿನಲ್ಲಿ ಛಾಯಾಚಿತ್ರಕ್ಕೆ ತಿರುಗಿದರು. ಅದೂ ಕ್ಯಾಮರದ ಹಿಂದೆ ನಿಂತಲ್ಲ, ಮುಂದೆ ನಿಂತು! ೧೯೯೬ರಿಂದ ೧೯೯೮ರವರೆಗೆ ಮಾಡಿದ 'ಫ್ಯಾಂಟಮ್ ಲೇಡಿ' ಎಂಬ ಚಿತ್ರಮಾಲೆಯಲ್ಲಿ, ಹಿಂದಿನ ಚಲಚ್ಚಿತ್ರಗಳ ಸಾಹಸಿ ನಾಡಿಯಾಳನ್ನು ನೆನಪಿಗೆ ತರುವಂತೆ, ಮುಖವಾಡ ತೊಟ್ಟು ಮುಂಬಯಿಯಲ್ಲಿ ಸಂಚರಿಸಿದರು.

ಬಳಿಕ ೨೦೦೦ದಿಂದ ೨೦೦೪ರವರೆಗೆ, ಬೆಂಗಳೂರಿನಲ್ಲಿ ನೆಲೆಸಿದ್ದ ಕ್ಲೇರ್ ಆರ್ನಿ ಎಂಬ ಛಾಯಾಗ್ರಾಹಕಿಯೊಡನೆ ಕೂಡಿ ದಕ್ಷಿಣ ಭಾರತದ ಸ್ತ್ರೀಯರನ್ನು ಕುರಿತ ದೊಡ್ಡ ಚಿತ್ರಮಾಲೆಯನ್ನು ಮಾಡಿದರು. ಅದರಲ್ಲಿ ರವಿವರ್ಮನ ಲಕ್ಷ್ಮಿಯೂ ಅವರೇ. ಅವನ ಬೆಳದಿಂಗಳ ಸುಂದರಿಯೂ ಅವರೇ. ಬಿಜಾಪುರದ ಹಳೆಯ ಚಿತ್ರದ ಯೋಗಿನಿಯೂ ಅವರೇ. ಪೋಲೀಸರು ಹಿಡಿದು ನಿಲ್ಲಿಸಿದ ಹೆಂಗಸು ಅವರೇ. ಬ್ರಿಟಿಷರ ಕಾಲದ ಅಧಿಕಾರಿಗಳು ಚೌಕುಳಿಯ ತೆರೆಯ ಮುಂದೆ ನಿಲ್ಲಿಸಿ ಮೈಯನ್ನು ಅಳತೆ ಮಾಡಿದ ಗಿರಿಜನಸ್ತ್ರೀಯೂ ಅವರೇ. ಒಂದೊಂದಕ್ಕೂ ಹಿಂದಿನ ಪರದೆಯನ್ನು ಬರೆಯಿಸಿ, ಉಡಿಗೆತೊಡಿಗೆಗಳನ್ನು ಹೊಂದಿಸಿ, ಬೆಳಕನ್ನು ಅಳವಡಿಸಿ, ನಾಟಕದಂತೆ ಅಣಿಮಾಡಿದುದು.

"ಇದು ವೇಷ ಹಾಕುವ ಆಟವಲ್ಲವೆ?" ಎಂದೆನು.

ಮಗಳು ಗೋಡೆಯ ಮೇಲಿನ ಜರತಾರಿ ಸೀರೆಯ ಪಟದ ಕಡೆಗೆ ಕೈ ತೋರಿದಳು. "ಅಮ್ಮನಿಗೆ ಅಂಗಡಿಯವರು ಹಾಕಿದ್ದೇನಪ್ಪ? ಹೆಂಗಸು ಹೀಗಿರಬೇಕೆಂದು ಯಾರು ಯಾರೋ ಮಾಡಿಟ್ಟ ಅಚ್ಚುಗಳಿವೆ. ಇವರು ಆ ಅಚ್ಚುಗಳಲ್ಲಿ ತಾವೇ ಹೊಕ್ಕು ಅವು ಅಚ್ಚುಗಳೆಂದು ತೋರಿಸುತ್ತಾರೆ. ಅಂಗಡಿಯವರಿಗೆ ಅದು ಗೊತ್ತಿಲ್ಲ, ಅಷ್ಟೇ" ಎಂದಳು.

ನಾನು ನಿರುತ್ತರನಾದೆನು. ವಿಷ್ಣುಧರ್ಮೋತ್ತರದಲ್ಲಿ ಮಾರ್ಕಂಡೇಯನು ವಜ್ರರಾಜನಿಗೆ, ನೃತ್ಯಶಾಸ್ತ್ರವನ್ನು ಅರಿಯದೆ ಚಿತ್ರಸೂತ್ರವನ್ನು ಅರಿಯುವುದು ಕಷ್ಟವೆಂದು ಹೇಳುತ್ತಾನೆ. ಅಭಿನಯವೂ ಚಿತ್ರವೂ ಅಕ್ಕತಂಗಿಯರೆಂಬುದು ನಮ್ಮ ಹಿರಿಯರಿಗೆ ತಿಳಿದಿತ್ತು; ಅದನ್ನು ಓದಿಯೂ ಕಾಣದೆ ಹೋದವನು ನಾನು.

ಹೊಟ್ಟೆಪಾಡಿನ ಪ್ರಶ್ನೆಗೂ ಅಂದು ಉತ್ತರ ದೊರೆಯಿತು. ಆ ಚಿತ್ರಮಾಲೆಗೆ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಎಂಬ ಬೆಂಗಳೂರಿನ ಸಂಸ್ಥೆಯು ಧನಸಹಾಯ ಮಾಡಿತಂತೆ. ಇಂಥ ಚಿತ್ರಗಳನ್ನು ಕಲಾಶಾಲೆಗಳೂ ಸಂಗ್ರಹಾಲಯಗಳೂ ಕೊಳ್ಳುವುದುಂಟು. ೨೦೧೯ರಲ್ಲಿ ಚೆನ್ನೈ ನಗರದ ದ್ವೈವಾರ್ಷಿಕ ಛಾಯಾಚಿತ್ರೋತ್ಸವವನ್ನು ರೂಪಿಸುವ ಹೊಣೆಯೂ ಇವರದೇ ಆಗಿತ್ತು. ತಿಂಗಳ ಮೊದಲ ತಾರೀಖಿಗೆ ಸಂಬಳ ಬರುವ ಬಾಳಲ್ಲ ಇದು. ಆದರೆ ನಾನು ಎಣಿಸಿದ್ದಂತೆ ಬರಿಯ ಗಾಳಿಗೋಪುರವೂ ಅಲ್ಲ. ಇನ್ನೊಂದು ಸಂಗತಿ ಕೇಳಿ ನನಗೆ ನಗು ಬಂದಿತು. ಆಕೆ ಕಲಾವಿದರ ಕೂಟಕ್ಕೂ ತಮ್ಮ ಚಲಚ್ಚಿತ್ರಗಳ ಕೆಲಸಕ್ಕೂ ಇಟ್ಟುಕೊಂಡಿರುವ ಹೆಸರು 'ಸೋಂಬೇರಿಕಟ್ಟೆ'! ನಾನು ಬೈಯುತ್ತಿದ್ದ ಕಟ್ಟೆಯನ್ನೇ ಒಬ್ಬರು ಸಂಸ್ಥೆಯ ಹೆಸರಾಗಿ ಮಾಡಿದ್ದರು.

ಉಳಿದುದು ಮಗಳ ಪತ್ರಿಕೆಯ ಮಾತು. ಅವಳ ಪತ್ರಿಕೆಗೆ ಚಂದಾದಾರರು ಬೆರಳೆಣಿಕೆಯಷ್ಟು. ಅದಕ್ಕೆ ಅವಳು ಅಮೆರಿಕಾದ ಆಲ್‌ಫ್ರೆಡ್ ಸ್ಟೀಗ್ಲಿಟ್ಜ್ ಎಂಬಾತನ ಕಥೆಯನ್ನು ಹೇಳಿದಳು. ೧೮೬೪ರಲ್ಲಿ ಹುಟ್ಟಿದ ಈತನೂ ಬರ್ಲಿನ್ನಿಗೆ ಇಂಜಿನಿಯರಿಂಗ್ ಓದಲು ಹೋಗಿ ಕ್ಯಾಮರಕ್ಕೆ ಮನಸೋತವನೇ! ಛಾಯಾಚಿತ್ರವೂ ಕಲೆಯೆಂದು ಜನರಿಗೆ ಮನಗಾಣಿಸುವುದಕ್ಕಾಗಿ ೧೯೦೩ರಲ್ಲಿ 'ಕ್ಯಾಮರಾ ವರ್ಕ್' ಎಂಬ ಪತ್ರಿಕೆಯನ್ನು ಆರಂಭಿಸಿದನು. ತೆಳುವಾದ ಜಪಾನೀ ಕಾಗದದ ಮೇಲೆ ಚಿತ್ರಗಳನ್ನು ಅಚ್ಚುಮಾಡಿ ಒಂದೊಂದನ್ನೂ ಕೈಯಿಂದ ಅಂಟಿಸುತ್ತಿದ್ದರಂತೆ. ೧೯೧೭ರಲ್ಲಿ ಐವತ್ತನೆಯ ಸಂಚಿಕೆಯೊಡನೆ ಅದು ನಿಂತಾಗ ಚಂದಾದಾರರು ೪೦ಕ್ಕಿಂತ ಕಡಿಮೆ. ಆದರೂ ೧೯೨೪ರಲ್ಲಿ ಬಾಸ್ಟನ್ನಿನ ಕಲಾಸಂಗ್ರಹಾಲಯವು ಅವನ ೨೭ ಚಿತ್ರಗಳನ್ನು ಸ್ವೀಕರಿಸಿತು. ಅದಕ್ಕೆ ಕಾರಣರಾದವರು ಯಾರೆಂದು ಬಲ್ಲಿರಾ? ಅಲ್ಲಿ ಭಾರತೀಯ ಕಲಾವಿಭಾಗವನ್ನು ನೋಡಿಕೊಳ್ಳುತ್ತಿದ್ದ ನಮ್ಮ ಆನಂದ ಕುಮಾರಸ್ವಾಮಿಗಳು! ನಟರಾಜನ ತಾಂಡವದ ಅರ್ಥವನ್ನು ಪಶ್ಚಿಮದವರಿಗೆ ತಿಳಿಸಿದ ಕಣ್ಣುಗಳೇ ಕ್ಯಾಮರದ ಕೆಲಸದಲ್ಲಿಯೂ ಕಲೆಯನ್ನು ಗುರುತಿಸಿದುವು.

ನಮ್ಮ ನಾಡಿನಲ್ಲಿಯೂ ಗೋಪಾಲಕೃಷ್ಣ ಅಡಿಗರ 'ಸಾಕ್ಷಿ', ವಿವೇಕ ಶಾನಭಾಗರ 'ದೇಶ ಕಾಲ' ಇವು ನಡೆದು ನಿಂತುವು. ನಿಂತುವೆಂದು ಅವು ಸೋತುವೆಂದು ಹೇಳಬಹುದೆ? ಇಂಥ ಪತ್ರಿಕೆಗಳ ಬೆಲೆಯನ್ನು ಚಂದಾದಾರರ ಪಟ್ಟಿಯಿಂದ ಕಟ್ಟುವುದು, ಶಾಲೆಯ ಬೆಲೆಯನ್ನು ಹಾಜರಿ ಪುಸ್ತಕದಿಂದ ಕಟ್ಟಿದ ಹಾಗೆ.

ಮಕ್ಕಳು ನಾವರಿಯದ ದಾರಿಯನ್ನು ಹಿಡಿದಾಗ ತಂದೆತಾಯಿಗಳು ಹೆದರುವುದು ಸಹಜ. ಹೆದರಿಕೆಯನ್ನು ತಪ್ಪೆನ್ನಲಾರೆನು. ಆದರೆ "ಕೊಳ್ಳುವವರು ಯಾರು?" ಎಂದು ಕೇಳುವ ಮೊದಲು "ಏನು ಮಾಡಿದ್ದೀಯೆ, ತೋರಿಸು" ಎಂದು ಕೇಳಬಹುದಾಗಿತ್ತು. ಕೇಳಿದ್ದರೆ ಆ ಚಿತ್ರವನ್ನು ಮನೆಯಾಕೆಯೊಡನೆ ಕುಳಿತು ನೋಡುತ್ತಿದ್ದೆನು. ಆ ಭಾಗ್ಯವನ್ನು ನನ್ನ ಕೈಯಾರೆ ಕಳೆದುಕೊಂಡೆನು.

ಈಗ ನಾನು ಮಗಳ ಪತ್ರಿಕೆಯ ಚಂದಾದಾರನು. ಜರತಾರಿಯ ಪಟವು ನೆಂಟರ ಸಮಾಧಾನಕ್ಕಾಗಿ ನಡುಮನೆಯಲ್ಲಿದೆ; ಇನ್ನೊಂದು ನಾನು ಓದುವ ಮೇಜಿನ ಮೇಲಿದೆ. ಮೊನ್ನೆ ಹಾಲು ತರುವ ಮುದುಕಿ ಹಣಕ್ಕಾಗಿ ಒಳಗೆ ಬಂದವಳು ಅದರ ಮುಂದೆ ನಿಂತುಬಿಟ್ಟಳು. ಕಣ್ಣು ಮಂಜಾಗಿರುವವಳು, ನಡುಮನೆಯ ಪಟವನ್ನು ಕಂಡು ಹಿಂದೊಮ್ಮೆ "ಇದು ಯಾರು ಸ್ವಾಮಿ?" ಎಂದು ಕೇಳಿದ್ದವಳು. ಈಗ ಯಾರೂ ಹೇಳಿಕೊಡದೆ ಸೆರಗಿನಿಂದ ಕಣ್ಣೊರಸಿಕೊಂಡು, "ಅಯ್ಯೋ, ನಮ್ಮವ್ವೋರಲ್ವಾ!" ಎಂದಳು.