ಎರಡು ಪಟ್ಟಿ

ತಾಲ್ಲೂಕು ಆಸ್ಪತ್ರೆಯ ಇಸಿಜಿ ಕೋಣೆ, ಬೆಳಗಿನ ಹತ್ತೂವರೆ. ಒಂದು ಮಂಚ, ಹಸಿರು ಪರದೆ, ಸ್ಟೂಲಿನ ಮೇಲೆ ಯಂತ್ರ. ಹೊರಗೆ ಬೆಂಚಿನ ಮೇಲೆ ಚೀಟಿ ಹಿಡಿದು ಕೂತವರ ಗುಜುಗುಜು. ನೀವು ಬಾಗಿಲ ಪಕ್ಕ ಗೋಡೆಗೊತ್ತಿ ನಿಂತಿದ್ದೀರಿ.

ಮಂಚದ ಮೇಲೆ ಹತ್ತೊಂಬತ್ತರ ಹುಡುಗ. ಕಬಡ್ಡಿ ಆಡುತ್ತಾನೆ, ಪಕ್ಕೆಲುಬು ಎಣಿಸಬಹುದಾದಷ್ಟು ತೆಳ್ಳಗಿದ್ದಾನೆ. ಸಿಸ್ಟರ್ ಅವನ ಎದೆಮೂಳೆಯ ಮೇಲೆ ಬೆರಳಿಟ್ಟು ಕೆಳಗೆ ಜಾರಿಸುತ್ತಾರೆ. ಒಂದು ಸಣ್ಣ ದಿಣ್ಣೆ ಸಿಗುತ್ತದೆ. ಅಲ್ಲಿಂದ ಎರಡನೆಯ ಪಕ್ಕೆಲುಬು, ಅದರ ಕೆಳಗಿನ ಸಂದು, ಇನ್ನೊಂದು, ಮತ್ತೊಂದು. ನಾಲ್ಕನೆಯ ಸಂದಿಗೆ ಬೆರಳು ಬಂದಮೇಲೇ ಜೆಲ್ ಹಚ್ಚಿ ಮೊದಲ ರಬ್ಬರ್ ಬುರುಡೆ ಒತ್ತುತ್ತಾರೆ. ಒಂದು ಸಂದು ಮೇಲೆ ಕೂತರೂ ಗೆರೆ ಬೇರೆಯೇ ಕಥೆ ಹೇಳುತ್ತದೆ. ಹೊರಗಿನ ಸಾಲು ಎಷ್ಟೇ ಉದ್ದವಿರಲಿ, ಈ ಎಣಿಕೆಯನ್ನು ಅವರು ಬಿಡುವುದಿಲ್ಲ. ಎದೆಗೆ 6, ಕೈಕಾಲಿಗೆ 4. ಹತ್ತು ತಂತಿ, ಹೃದಯದ ಹನ್ನೆರಡು ನೋಟ.

"ಅಲ್ಲಾಡಬೇಡ ತಮ್ಮಾ. ಸಲೀಸಾಗಿ ಉಸಿರಾಡು."

ಗುಲಾಬಿ ಚೌಕಳಿಯ ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ವೇಗದಲ್ಲಿ ಹೊರಬರುತ್ತದೆ. ಬಗ್ಗಿ ನೋಡಿ, ಐದನೆಯ ಎದೆತಂತಿಯ ಗೆರೆ ಪಕ್ಕದ ಸಾಲಿಗೆ ಏರಿಬಿಟ್ಟಿದೆ.

ಈಗ ಹೊರಗಿನ ಸಾಲಿನಲ್ಲಿದ್ದ ಅಮ್ಮನೊಬ್ಬರ ಸರದಿ. ಸಿಸ್ಟರ್ ಪರದೆ ಎಳೆಯುತ್ತಾರೆ. ನಿಮಗಿನ್ನು ದನಿ ಮಾತ್ರ. ವಯಸ್ಸು 58, ಮೈ ಸ್ವಲ್ಪ ಭಾರ. ಬಿಪಿ 170 ಮೇಲೆ 100 ಅಂತ ಚೀಟಿಯಲ್ಲಿದೆ. "ತಲೆನೋವು ಹೋಯ್ತಲ್ಲಮ್ಮಾ, ಅದಕ್ಕೇ ಮಾತ್ರೆ ಬಿಟ್ಟೆ," ಎನ್ನುತ್ತಾರೆ. ಕಾಗದ ಬಂತು. ಎದೆಯ ಗೆರೆಗಳು ಗಿಡ್ಡ, ಹುಡುಗನದರ ಮುಂದೆ ಏನೂ ಇಲ್ಲವೆಂಬಂತೆ.

ಎರಡೂ ಪಟ್ಟಿ ಡಾಕ್ಟರ ಮೇಜಿನ ಮೇಲೆ ಅಕ್ಕಪಕ್ಕ ಹರಡಿವೆ. ಅವರು ಮೊದಲು ನೋಡುವುದು ಅಂಚಿನಲ್ಲಿರುವ ಚಿಕ್ಕ ಮೆಟ್ಟಿಲನ್ನು. ಒಂದು ಮಿಲಿವೋಲ್ಟಿಗೆ ಅದು ಸರಿಯಾಗಿ 10 ಮಿಲಿಮೀಟರ್ ಎತ್ತರವಿರಬೇಕು. ಯಂತ್ರ ಅರ್ಧ ಅಳತೆಗೆ ತಿರುಗಿಕೊಂಡಿದ್ದರೆ ಮುಂದಿನ ಲೆಕ್ಕವೆಲ್ಲ ಸುಳ್ಳು.

ಲೆಕ್ಕ ಶುರು. ಎಡ ಹೃತ್ಕುಕ್ಷಿ ಮೈಗೆಲ್ಲ ರಕ್ತ ದಬ್ಬುವ ಕೋಣೆ. ಬಿಪಿ ಏರಿ ಕೂತರೆ ಅದು ದಿನವಿಡೀ ಭಾರ ಹೊರುವವನ ರಟ್ಟೆಯಂತೆ ದಪ್ಪಗಾಗುತ್ತದೆ. ಸ್ನಾಯು ಹೆಚ್ಚಿದಷ್ಟೂ ವಿದ್ಯುತ್ತು ಹೆಚ್ಚು. ಅದು ಎಡಕ್ಕೆ, ಹಿಂದಕ್ಕೆ ಹರಿಯುತ್ತದೆ. ಹಾಗಾಗಿ ಎದೆಮೂಳೆಯ ಬಲಬದಿಯ ಮೊದಲ ಎದೆತಂತಿ ವಿ1ರಲ್ಲಿ ಗೆರೆ ಆಳಕ್ಕೆ ಬೀಳುತ್ತದೆ, ಎಡಕ್ಕಿರುವ ವಿ5, ವಿ6ರಲ್ಲಿ ಎತ್ತರಕ್ಕೆ ಏಳುತ್ತದೆ. ವಿ1ರ ಆಳಕ್ಕೆ ವಿ5 ಅಥವಾ ವಿ6ರ ಎತ್ತರ ಕೂಡಿಸಿ, 35 ಮಿಲಿಮೀಟರ್ ಮುಟ್ಟಿದರೆ ಅನುಮಾನಿಸಿ ಎಂದು ಸೊಕೊಲೊವ್ ಮತ್ತು ಲಯನ್ 1949ರಲ್ಲಿ ಹೇಳಿದರು.

ಹುಡುಗನದು 18 ಮತ್ತು 24, ಒಟ್ಟು 42. ಅಮ್ಮನದು 9 ಮತ್ತು 14, ಬರೀ 23.

ಇಲ್ಲಿಗೇ ನಿಲ್ಲಿಸಿದರೆ ಹುಡುಗ ರೋಗಿ, ಅಮ್ಮ ಆರೋಗ್ಯವಂತೆ. ನನಗೆ ಭಯವಾಗುವುದು ಇಲ್ಲೇ. ತಂತಿ ಹೃದಯವನ್ನು ಮುಟ್ಟುವುದಿಲ್ಲ, ಚರ್ಮವನ್ನು ಮುಟ್ಟುತ್ತದೆ. ತೆಳ್ಳಗಿನ ಎಳೆಯ ಎದೆಯಲ್ಲಿ ಹೃದಯ ಬಾಗಿಲಲ್ಲೇ ನಿಂತು ಕೂಗುತ್ತದೆ. ಕೊಬ್ಬಿನ ಪದರ ದಪ್ಪಗಿದ್ದರೆ ಅದೇ ಕೂಗು ಒಳಮನೆಯಿಂದ ಬಂದಂತೆ ಕ್ಷೀಣ.

ಡಾಕ್ಟರು ನಿಲ್ಲಿಸಲಿಲ್ಲ. ಸ್ಕೇಲು ಅಮ್ಮನ ಎವಿಎಲ್ ಸಾಲಿಗೆ ಹೋಗುತ್ತದೆ. ಎಡಭುಜದ ಕಡೆಯಿಂದ ಹೃದಯವನ್ನು ನೋಡುವ ಕಿಟಕಿ ಅದು. ಅಲ್ಲಿ ಎತ್ತರ 10. ವಿ3ರಲ್ಲಿ ಆಳ 15. ಕೂಡಿದರೆ 25. ಇದು ಕಾರ್ನೆಲ್ ಲೆಕ್ಕ: ಗಂಡಸರಿಗೆ 28, ಹೆಂಗಸರಿಗೆ 20 ದಾಟಬಾರದು. ಅಷ್ಟೇ ಅಲ್ಲ, ವಿ5, ವಿ6ರಲ್ಲಿ ಎಸ್‌ಟಿ ಭಾಗ ಇಳಿಜಾರಾಗಿ ಕೆಳಗಿಳಿದಿದೆ, ಟಿ ಅಲೆ ತಲೆಕೆಳಗಾಗಿದೆ. ವೈದ್ಯರು ಇದನ್ನು ಸ್ಟ್ರೇನ್, ಅಂದರೆ ಹೊರೆಯ ಗುರುತು, ಎನ್ನುತ್ತಾರೆ. ಡಾಕ್ಟರ ಪೆನ್ನು ಅಲ್ಲೊಂದು ಸುತ್ತು ಹಾಕಿ ನಿಲ್ಲುತ್ತದೆ.

ಹುಡುಗನ ಪಟ್ಟಿಯಲ್ಲಿ ಎತ್ತರ ಬಿಟ್ಟರೆ ಉಳಿದದ್ದೆಲ್ಲ ಸರಿಯಿದೆ. ಬಿಪಿ 118 ಮೇಲೆ 76. ಡಾಕ್ಟರು ಸ್ಟೆತಾಸ್ಕೋಪು ಇಟ್ಟು ತುಂಬ ಹೊತ್ತು ಆಲಿಸಿ, "ಆಡುವಾಗ ತಲೆ ತಿರುಗಿ ಬಿದ್ದದ್ದುಂಟಾ? ಮನೇಲಿ ಚಿಕ್ಕ ವಯಸ್ಸಿಗೇ ದಿಢೀರನೆ ತೀರಿಕೊಂಡವರು ಯಾರಾದರೂ?" ಎಂದು ಕೇಳುತ್ತಾರೆ. ಹುಡುಗ ಇಲ್ಲವೆಂದು ತಲೆಯಾಡಿಸುತ್ತಾನೆ. ಅಂಗಿಯ ಗುಂಡಿ ಹಾಕುವ ಅವನ ಬೆರಳು ಈಗ ನಡುಗುತ್ತಿಲ್ಲ.

"ನಿಮಗೆ ಎಕೋ ಬೇಕು ತಾಯಿ, ಜಿಲ್ಲಾಸ್ಪತ್ರೆಗೆ ಬರೆದುಕೊಡ್ತೀನಿ. ಅಲ್ಲಿ ಹೃದಯದ ಗೋಡೇನ ನೇರವಾಗಿ ಅಳೀತಾರೆ." ಹೆಂಗಸರಲ್ಲಿ ಆ ಗೋಡೆ 9 ಮಿಲಿಮೀಟರಿನೊಳಗಿರಬೇಕು. ಇಸಿಜಿಯ ಒಂದೊಂದು ಲೆಕ್ಕವೂ ದಪ್ಪಗಾದ ಹೃದಯಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕಾಣದೇ ಬಿಡುತ್ತದೆ. ಗೆರೆ ಸರಿಯಿದೆಯೆಂದು ಬಿಪಿಯನ್ನು ಮರೆಯುವಂತಿಲ್ಲ. ಎಕೋ ಆಗುವ ತನಕ ಕಾಯದೆ, ಮಾತ್ರೆ ಇವತ್ತೇ ಮತ್ತೆ ಶುರು.

"ಈ ಪಟ್ಟೀನ ಬಿಸಾಡಬೇಡಿ. ಬಿಪಿ ಹತೋಟಿಗೆ ಬಂದರೆ ಗೋಡೆ ಮತ್ತೆ ತೆಳುವಾಗಬಹುದು, ಗೆರೇನೂ ಇಳೀಬಹುದು. ಮುಂದಿನ ಸಲ ಪಕ್ಕದಲ್ಲಿಟ್ಟು ನೋಡ್ತೀನಿ. ಶಾಖದಲ್ಲಿ ಮೂಡಿದ ಅಚ್ಚು ಇದು, ಮಾಸಿಹೋಗುತ್ತೆ. ಒಂದು ಜೆರಾಕ್ಸ್ ಮಾಡಿಸಿಟ್ಟುಕೊಳ್ಳಿ."

ಅಮ್ಮ ಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿ ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿಗೆ ಸೇರಿಸುತ್ತಾರೆ. ಗೇಟಿನಾಚೆ, ರಸ್ತೆ ದಾಟಿ, ಜೆರಾಕ್ಸ್ ಅಂಗಡಿಯ ಕಡೆ ನಿಧಾನ ನಡೆಯುತ್ತಾರೆ. ಒಳಗೆ ಸಿಸ್ಟರ ಬೆರಳು ಇನ್ನೊಂದು ಎದೆಯ ಮೇಲೆ ಸಂದು ಎಣಿಸುತ್ತಿದೆ.